ವೀರಗಲ್ಲಿನ ಮುಂದೆ ಮೊಣಕಾಲೂರಿ ಕುಳಿತವರಿಗೆ

ರಸ್ತೆ ಅಗಲಿಸುವ ಜೆಸಿಬಿ ನಮ್ಮೂರ ಕೆರೆ ಏರಿಯ ವೀರಗಲ್ಲನ್ನು ಆಗಲೇ ಅರ್ಧ ಮಣ್ಣಿನಲ್ಲಿ ಮುಚ್ಚಿತ್ತು. ಯಾರನ್ನು ಕರೆಯಬೇಕೆಂದು ತೋಚದೆ ನಿಂತಿದ್ದೆ. ಅಷ್ಟರಲ್ಲಿ ಬಸ್ಸಿನಿಂದ ಇಳಿದು ಬಂದಿರಿ ನೀವು, ಹೆಗಲ ಚೀಲದಲ್ಲಿ ಕುಂಚ, ಕಾಗದ, ಮಸಿ. ಜೆಸಿಬಿ ಚಾಲಕನ ಬಳಿ ಹೋಗಿ ‘ಒಂದು ಗಂಟೆ ಕೊಡಪ್ಪ’ ಎಂದಿರಿ. ಕಲ್ಲನ್ನು ಎಳೆಮಗುವಿನ ಮೈ ತೊಳೆದಂತೆ ತೊಳೆದು, ಒದ್ದೆ ಕಾಗದ ಹಾಸಿ, ಕುಂಚದಿಂದ ತಟ್ಟಿ, ಮಸಿ ಒತ್ತಿ ಅಚ್ಚು ತೆಗೆದಿರಿ. ಕೆಳಗೆ ದನಗಳಿಗಾಗಿ ನಡೆದ ತುರುಗಾಳಗ, ನಡುವೆ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಶಿವಲಿಂಗ: ಒಂದೊಂದನ್ನೂ ನನ್ನ ಅಜ್ಜಿಗೆ ಬೆರಳಿಟ್ಟು ತೋರಿಸಿದಿರಿ. ಮದುವೆಯಾಗಿ ಬಂದಂದಿನಿಂದ ಆ ಕಲ್ಲಿಗೆ ಎಣ್ಣೆ ಹಚ್ಚಿದವರು ಅವರು. ಅದು ಊರ ದನ ಉಳಿಸಲು ಸತ್ತವನ ಕಲ್ಲೆಂದು ಅವರಿಗೆ ಅಂದೇ ತಿಳಿದದ್ದು. ಸಂಜೆ ಆ ಚಾಲಕನೇ ಕಲ್ಲನ್ನು ಜೋಪಾನವಾಗಿ ಗುಡಿಯ ಪಕ್ಕಕ್ಕೆ ಸರಿಸಿದ. ನನಗೆ ಜೀವ ಬಂದಂತಾಯಿತು. ಹೆಸರು ಕೇಳುವಷ್ಟರಲ್ಲಿ ಕೊನೆಯ ಬಸ್ಸಿಗೆ ಓಡಿದಿರಿ. ಧನ್ಯವಾದ ಸರ್. ಅಜ್ಜಿ ನಿಮ್ಮನ್ನು ಊಟಕ್ಕೆ ಕರೆದಿದ್ದಾರೆ.