ಶಾಸಕರೇ, ನೀವು ಕೊಟ್ಟ ಟ್ರೋಫಿ ನಮ್ಮ ಮನೆಯಲ್ಲೇ ಇದೆ

ಮಾನ್ಯ ಶಾಸಕರಿಗೆ ನಮಸ್ಕಾರ.

ಊರಹಬ್ಬದ ಹೊನಲು ಬೆಳಕಿನ ಕಬಡ್ಡಿಗೆ ಈ ಸಲವೂ ಬ್ಯಾನರ್ ಕಟ್ಟಿದ್ದಾರೆ. ಅದರಲ್ಲಿ ಆಟಗಾರರಿಗಿಂತ ನಿಮ್ಮ ಫೋಟೊ ದೊಡ್ಡದಿದೆ. ಅದನ್ನು ನೋಡಿದ ಮೇಲೆ ಸುಮ್ನಿರಲು ಆಗಲಿಲ್ಲ. ಇಷ್ಟು ಬರೆಯಲು ನಾಲ್ಕು ದಿನ ಹಿಡಿಯಿತು. ಅರ್ಧ ಗಂಟೆ ಕೂತರೆ ತಲೆ ಸಿಡಿಯುತ್ತದೆ.

2019ರ ಮಾರ್ಚ್. ಸೆಮಿಫೈನಲ್‌ನಲ್ಲಿ ರೈಡ್ ಹೋದಾಗ ಎದುರಾಳಿಯ ಮೊಣಕಾಲು ನನ್ನ ಕಿವಿಯ ಮೇಲೆ ಬಡಿಯಿತು. ಮುಖಕ್ಕೆ ನೀರು ಚಿಮುಕಿಸಿ, "ಏನೂ ಆಗಿಲ್ಲ, ಏಳೋ" ಎಂದು ಎಬ್ಬಿಸಿ ಫೈನಲ್ ಆಡಿಸಿದರಂತೆ. ಅಂತೆ ಯಾಕೆಂದರೆ, ಇದೆಲ್ಲ ಗೆಳೆಯರು ಹೇಳಿದ್ದು. ನೀವು ನನಗೆ ಬೆಸ್ಟ್ ರೈಡರ್ ಟ್ರೋಫಿ ಕೊಡುವ ಫೋಟೊ ಮನೆಯಲ್ಲಿದೆ. ನಾನು ನಗುತ್ತಿದ್ದೇನೆ. ಆ ನಗು ನನಗೆ ನೆನಪಿಲ್ಲ. ವೇದಿಕೆ ಇಳಿದವನೇ ವಾಂತಿ ಮಾಡಿ ಬಿದ್ದೆ. ಆಂಬ್ಯುಲೆನ್ಸ್ ಇರಲಿಲ್ಲ. ಕುರ್ಚಿ ತಂದಿದ್ದ ಟೆಂಪೋದಲ್ಲಿ ಹಾಕಿಕೊಂಡು ಹೋದರು.

ಅದೇ ವರ್ಷ ಆಗಸ್ಟ್‌ನಲ್ಲಿ ಲಾರ್ಡ್ಸ್‌ನಲ್ಲಿ ಇಂಗ್ಲೆಂಡಿನ ಆರ್ಚರ್ ಎಸೆದ ಬೌನ್ಸರ್ ಆಸ್ಟ್ರೇಲಿಯಾದ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿಯಿತು. ಕೊನೆಯ ದಿನ ಅವರನ್ನು ಕೂರಿಸಿ ಲಬುಶೇನ್ ಅವರನ್ನು ಇಳಿಸಿದರು. ಕ್ರಿಕೆಟ್‌ಗೆ ತಲೆಗೆ ಪೆಟ್ಟಾದವರ ಬದಲಿಗೆ ಇನ್ನೊಬ್ಬರನ್ನು ಆಡಿಸುವ ನಿಯಮ ಆಗಷ್ಟೇ ಬಂದಿತ್ತು. ಕತ್ತಲೆ ಕೋಣೆಯಲ್ಲಿ ಮಲಗಿ ಆ ಸುದ್ದಿ ಕೇಳಿದೆ. ನಮ್ಮ ಮಣ್ಣಿನ ಅಂಕಣದಲ್ಲಿ ಒಂದು ಚೊಂಬು ನೀರೇ ನಿಯಮ.

ಈಗ ಫಿಟ್ಸ್ ಬರುತ್ತದೆ. ಗಾಡಿ ಓಡಿಸಬೇಡ ಎಂದಿದ್ದಾರೆ ಡಾಕ್ಟರ್. ನಾನಿದ್ದದ್ದೇ ಟ್ರ್ಯಾಕ್ಟರ್ ಡ್ರೈವರ್. ಒಲೆಯ ಮೇಲೆ ಹಾಲು ಸೀದು ಕರಕಾದರೂ ವಾಸನೆ ಗೊತ್ತಾಗುವುದಿಲ್ಲ. ಮಗಳು ಜೋರಾಗಿ ನಕ್ಕರೂ ರೇಗುತ್ತೇನೆ, ಆಮೇಲೆ ಕೂತು ಅಳುತ್ತೇನೆ. ಮನೆ ನಡೆಯುವುದು ಹೆಂಡತಿಯ ಗಾರ್ಮೆಂಟ್ಸ್ ಸಂಬಳದಲ್ಲಿ. ನನಗೊಂದು ಮಾಸಾಶನ ಕೊಡಿಸಿ.

ಅಂಗವಿಕಲರ ಕಾರ್ಡಿಗೆ ಹೋಗಿದ್ದೆ. ಕೈ ಎತ್ತು ಎಂದರು, ಎತ್ತಿದೆ. ನಡಿ ಎಂದರು, ನಡೆದೆ. "ಎಲ್ಲ ನೆಟ್ಟಗಿದೆಯಲ್ಲಪ್ಪ!" ಮರೆವು ಜಾಸ್ತಿ ಸಾರ್ ಎಂದೆ. ಅದಕ್ಕೆ ಪುರಾವೆ ಎಲ್ಲಿ ಎಂದರು. ಸ್ಕ್ಯಾನಿಂಗ್ ಫೈಲನ್ನು ಬಸ್ಸಿನಲ್ಲೇ ಮರೆತು ಬಂದಿದ್ದೆ. ಹಿಂದೆ ನಿಂತವರು ನಕ್ಕರು. ನಾನು ಕೂಗಾಡಿದೆ. ಸೆಕ್ಯೂರಿಟಿಯವರು ರಟ್ಟೆ ಹಿಡಿದು ಹೊರಗೆ ಬಿಟ್ಟರು. ಒಳ್ಳೆ ಟ್ಯಾಕಲ್, ಒಪ್ಪಬೇಕು.

ಕಾನೂನು ನಿಮಗೆ ಗೊತ್ತಿರದ್ದೇನಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ, ತಲೆಪೆಟ್ಟು ಎಂಬ ಹೆಸರು ಇಲ್ಲ. ಬೇರೆ ಯಾವುದರಲ್ಲಾದರೂ ಸೇರಿಸಿ ವೈಕಲ್ಯ 40 ಪರ್ಸೆಂಟ್ ಮುಟ್ಟಿಸಬೇಕು. ಮರೆವನ್ನು ಯಾವ ತಕ್ಕಡಿಯಲ್ಲಿ ತೂಗುತ್ತಾರೋ! ಸದನದಲ್ಲಿ ಒಂದು ಸಲ ಎದ್ದು ಕೇಳಿ. ಆಟದಲ್ಲಿ ತಲೆಗೆ ಪೆಟ್ಟು ಬಿದ್ದು ಮನೆ ಸೇರಿದವರಿಗೆ ಮಾಸಾಶನ ಬೇಕು. ಪದಕ ಗೆದ್ದವರಿಗೆ ಮಾತ್ರ ಅಲ್ಲ, ಊರಹಬ್ಬದಲ್ಲಿ ಆಡಿದವರಿಗೂ. ಮೊಣಕಾಲು ಪದಕ ನೋಡಿ ಬಡಿಯುತ್ತದಾ?

ಮೊನ್ನೆ ಕಮಿಟಿಯ ಹುಡುಗರು ಬಂದು, ಮಾಜಿ ಆಟಗಾರ ಎಂದು ನಿಮ್ಮ ಕೈಯಿಂದ ಶಾಲು ಹೊದಿಸುತ್ತೇವೆ ಎಂದರು. ಆಂಬ್ಯುಲೆನ್ಸ್ ಹೇಳಿದ್ದೀರಾ ಎಂದೆ. ಮುಖ ಮುಖ ನೋಡಿಕೊಂಡರು.

ನಾನು ಬರುವುದಿಲ್ಲ. ಆ ಲೈಟು, ಆ ಡಿಜೆ ನನ್ನಿಂದ ತಡೆಯಲಾಗದು. ಮೈದಾನದಿಂದ ಮೂರನೇ ಮನೆ ನಮ್ಮದು, ಕಿಟಕಿಗೆ ಕಂಬಳಿ ಕಟ್ಟಿರುತ್ತದೆ. ಬರುವುದಾದರೆ ನೀವೇ ಬನ್ನಿ. ಶಾಲು ಬೇಡ, ಹಣ್ಣಿನ ಬುಟ್ಟಿ ಬೇಡ. ಮಾಸಾಶನದ ಆದೇಶ ತನ್ನಿ.

ಇಂತಿ,
ನಿಮ್ಮ ಬೆಸ್ಟ್ ರೈಡರ್, 2019