ಮೇಜಿನ ಕೆಳಗಿದ್ದ ತಮ್ಮ ಎಲ್ಲಿ ಹೋದ?

ಪ್ರೀತಿಯ ಹುಡುಗಿ,

ನಿನ್ನ ಸೂಪರ್‌ಹೀರೋ ಸಿನಿಮಾದ ಸ್ಕ್ರಿಪ್ಟ್ ಎರಡು ಸಲ ಓದಿದೆ. ಜೊತೆಗಿದ್ದ ಪತ್ರವನ್ನು ನಾಲ್ಕು ಸಲ. "ಫೈಟ್ ಬರೆಯೋದು ರೈಟರ್ ಕೆಲಸ ಅಲ್ಲ, ಅದನ್ನ ಫೈಟ್ ಮಾಸ್ಟರ್ ನೋಡ್ಕೋತಾರೆ, ನೀನು ಡೈಲಾಗ್ ಬರಿ" ಅಂತ ಯಾರೋ ಹೇಳಿದರಂತೆ. ಅದಾದ ಮೇಲೆ ಮೂರು ತಿಂಗಳು ಒಂದಕ್ಷರ ಬರೆದಿಲ್ಲ ಅಂದಿದ್ದೀಯ. ಓದಿ ಸಿಟ್ಟು ಬಂತು. ಹೇಳಿದವರ ಮೇಲೆ ಸ್ವಲ್ಪ, ಮೂರು ತಿಂಗಳು ಸುಮ್ನೆ ಕೂತ ನಿನ್ನ ಮೇಲೆ ಜಾಸ್ತಿ.

ಯಾವ ಸಾಫ್ಟ್‌ವೇರ್‌ನಲ್ಲಿ ಬರೆಯಬೇಕು, ಎಷ್ಟು ಪುಟ ಇರಬೇಕು, ಯಾರಿಗೆ ಕಳಿಸಬೇಕು ಅಂತೆಲ್ಲ ಕೇಳಿದ್ದೀಯ. ಅದನ್ನು ಯಾರು ಬೇಕಾದರೂ ಹೇಳಿಕೊಡುತ್ತಾರೆ. ನನಗೆ ನಿನ್ನ 71ನೇ ಪುಟದ ಬಗ್ಗೆ ಮಾತಾಡಬೇಕಿದೆ.

71ನೇ ಪುಟದಲ್ಲಿ ಕಿಟಕಿ ಒಡೆಯುತ್ತದೆ. ವಿಲನ್ ಹೊರಗೆ ಗಾಳಿಯಲ್ಲಿ ನಿಂತಿದ್ದಾನೆ. ನಿನ್ನ ನಾಯಕಿ ಲಾರಿಯನ್ನೇ ಎತ್ತಿ ಎಸೆಯುವವಳು. ಅವಳು ಅವನ ಕಡೆ ನೋಡುವ ಮೊದಲು ಬಗ್ಗಿ, ನೆಲದ ಮೇಲಿನ ಗಾಜಿನ ಚೂರುಗಳನ್ನು ಅಂಗೈಯಿಂದ ಗೋಡೆಯ ಕಡೆ ಸರಿಸುತ್ತಾಳೆ. ಯಾಕೆಂದರೆ ಏಳು ವರ್ಷದ ತಮ್ಮ ಮೇಜಿನ ಕೆಳಗೆ ಬಚ್ಚಿಟ್ಟುಕೊಂಡಿದ್ದಾನೆ. ಒಂದೇ ಸಾಲು ಅದು. ನೀನು ಅದಕ್ಕೆ ದೊಡ್ಡ ಮಹತ್ವವನ್ನೂ ಕೊಟ್ಟಿಲ್ಲ, ಬರೆದು ಮುಂದೆ ಹೋಗಿದ್ದೀಯ. ನಾನು ಮಾತ್ರ ಅಲ್ಲಿ ಹಾಳೆ ಕೆಳಗಿಟ್ಟು ಎದ್ದು ಒಂದು ಸುತ್ತು ಓಡಾಡಿ ಬಂದೆ. ಅಷ್ಟು ಚೆನ್ನಾಗಿದೆ.

ಆಮೇಲೆ ಹದಿನಾಲ್ಕು ಪುಟ ಹೊಡೆದಾಟ. ಎಣಿಸಿದೆ, ನಲವತ್ತೊಂದು ಏಟು. ಆರು ಕಟ್ಟಡ ಬೀಳುತ್ತವೆ, ಒಂದು ಸೇತುವೆ ಮುರಿಯುತ್ತದೆ. 85ನೇ ಪುಟದಲ್ಲಿ ತಮ್ಮ ಓಡಿಬಂದು ಅಕ್ಕನನ್ನು ತಬ್ಬಿಕೊಳ್ಳುತ್ತಾನೆ. ಅಲ್ಲಿಯವರೆಗೆ ಎಲ್ಲಿದ್ದ ಅವನು? ನಿನಗೆ ಗೊತ್ತಿಲ್ಲ. ಹೋಗಲಿ, ನಿನಗೆ ಮರೆತುಹೋಯಿತು ಅಂದುಕೊಳ್ಳೋಣ. ಗಾಜಿನ ಚೂರು ಸರಿಸಿದ ಆ ಅಕ್ಕನಿಗೆ ಹೇಗೆ ಮರೆತುಹೋಯಿತು?

ಸೂಪರ್‌ಹೀರೋ ಫೈಟ್‌ಗೆ ಬೇರೆ ಫೈಟ್‌ಗಳಿಗಿಲ್ಲದ ಒಂದು ಕಷ್ಟ ಇದೆ. ಮಾಮೂಲಿ ಮನುಷ್ಯನ ಮೂಗಿಗೆ ಗುದ್ದು ಬಿದ್ದರೆ ನೋಡುವವನ ಮೂಗೂ ಚುರ್ ಅನ್ನುತ್ತದೆ. ಕಟ್ಟಡವನ್ನೇ ತೂರಿಕೊಂಡು ಹೋಗಿ, ಮೈ ಕೊಡವಿಕೊಂಡು ಏಳುವವನಿಗೆ ಇನ್ನೊಂದು ಗುದ್ದು ಬಿದ್ದರೆ ನಮಗೇನು? ಅವನು ಸಾಯಲ್ಲ ಅಂತ ಟಿಕೆಟ್ ತಗೊಳ್ಳುವಾಗಲೇ ಗೊತ್ತಿರುತ್ತದೆ. ಆದ್ದರಿಂದ ಏಟಿನ ಲೆಕ್ಕ ಜಾಸ್ತಿ ಮಾಡಿದಷ್ಟೂ ಫೈಟ್ ಸಪ್ಪೆಯಾಗುತ್ತಾ ಹೋಗುತ್ತದೆ. ಇದಕ್ಕೆ ನನಗೆ ಗೊತ್ತಿರುವ ಮದ್ದು ಒಂದೇ. ಹೊಡೆದಾಡುವವನ ಕೈ ಖಾಲಿ ಇರಬಾರದು. ಅದರಲ್ಲಿ ಏನಾದರೂ ಇರಬೇಕು. ಅದನ್ನು ಬಿಟ್ಟರೆ ಅವನು ಗೆಲ್ಲಬಹುದು, ಆದರೆ ಬಿಡುವ ಹಾಗಿರಬಾರದು.

2004ರ 'ಸ್ಪೈಡರ್‌ಮ್ಯಾನ್ 2'ರ ರೈಲಿನ ದೃಶ್ಯ ನೋಡಿರುತ್ತೀಯ. ಇನ್ನೊಮ್ಮೆ ನೋಡು. ಈ ಸಲ ಕೈಗಳನ್ನು ಮಾತ್ರ ನೋಡು. ಡಾಕ್ಟರ್ ಆಕ್ಟೋಪಸ್‌ಗೆ ಬೆನ್ನಿನಿಂದ ನಾಲ್ಕು ಯಂತ್ರದ ತೋಳು ಇವೆ. ಅವನು ಜಗಳದ ನಡುವೆ ಪ್ರಯಾಣಿಕರನ್ನು ಹಿಡಿದು ಹೊರಗೆ ಎಸೆಯುತ್ತಾನೆ. ಪೀಟರ್, ಅಂದರೆ ಸ್ಪೈಡರ್‌ಮ್ಯಾನ್, ಬಲೆ ಹಾಕಿ ಅವರನ್ನು ಹಿಡಿಯಬೇಕು. ಹೊಡೆಯಲು ಕೈ ಬಿಡುವಾಗುವುದೇ ಇಲ್ಲ. ಕೊನೆಗೆ ಖಳ ರೈಲಿನ ನಿಯಂತ್ರಣವನ್ನೇ ಮುರಿದು ಹೊರಟುಹೋಗುತ್ತಾನೆ. ಇದನ್ನು ಗಮನಿಸು. ಇಡೀ ಫೈಟಿನ ಅತ್ಯಂತ ದೊಡ್ಡ ಘಟ್ಟದಲ್ಲಿ ಎದುರಾಳಿಯೇ ಇಲ್ಲ! ಪೀಟರ್ ಮೊದಲು ಕಾಲು ಊರಿ ನಿಲ್ಲಿಸಲು ನೋಡುತ್ತಾನೆ. ಹಳಿಯ ಕೆಳಗಿನ ಮರದ ದಿಮ್ಮಿಗಳು ಪಟಪಟ ಮುರಿಯುತ್ತವೆ, ರೈಲು ನಿಲ್ಲುವುದಿಲ್ಲ. ಆಮೇಲೆ ಎರಡೂ ಬದಿಯ ಕಟ್ಟಡಗಳಿಗೆ ಬಲೆ ಎಸೆದು, ಎರಡೂ ಕೈಯಲ್ಲಿ ಎಳೆಗಳನ್ನು ಹಿಡಿದು ರೈಲಿನ ಮೂತಿಗೆ ಬೆನ್ನು ಕೊಟ್ಟು ನಿಲ್ಲುತ್ತಾನೆ. ಮುಖವಾಡ ಇಲ್ಲ. ಬಟ್ಟೆ ಹರಿಯುತ್ತದೆ. ಅವನ ಕೂಗು ಕೇಳುತ್ತದೆ. ರೈಲು ನಿಂತ ಮೇಲೆ ಮುಂದಕ್ಕೆ ಬೀಳುವವನನ್ನು ಒಳಗಿನ ಜನ ಹಿಡಿದುಕೊಳ್ಳುತ್ತಾರೆ. ತಲೆಯ ಮೇಲೆ ಕೈಯಿಂದ ಕೈಗೆ ಸಾಗಿಸಿ ಮಲಗಿಸುತ್ತಾರೆ. ಇವನಿನ್ನೂ ಹುಡುಗ, ನನ್ನ ಮಗನಿಗಿಂತ ದೊಡ್ಡವನಲ್ಲ ಅನ್ನುವ ಮಾತು ಅಲ್ಲಿ ಬರುತ್ತದೆ. ಆ ಮಾತು ಬರಬೇಕಾದರೆ ಮುಖವಾಡ ಹೋಗಿರಬೇಕಿತ್ತು. ಅದನ್ನು ಬರೆದವರು ಮೊದಲೇ ಯೋಚಿಸಿದ್ದರು.

ನಿನ್ನ ನಾಯಕಿಯ ಶಕ್ತಿ ಕುಂದಿಸಲು ನೀನು ಒಂದು ನೀಲಿ ಕಲ್ಲು ತಂದಿದ್ದೀಯ. ಬೇಡ ಕಣಮ್ಮಾ. ಈ ದಾರಿಯಲ್ಲಿ ಬೇಕಾದಷ್ಟು ಜನ ನಡೆದಿದ್ದಾರೆ. 1938ರಲ್ಲಿ ಸೂಪರ್‌ಮ್ಯಾನ್ ಮೊದಲು ಕಾಮಿಕ್ಸ್‌ಗೆ ಬಂದಾಗ ಅವನಿಗೆ ಹಾರಲು ಬರುತ್ತಿರಲಿಲ್ಲ. ಒಂದು ಮೈಲಿಯ ಎಂಟನೇ ಒಂದು ಭಾಗ ಜಿಗಿಯುತ್ತಿದ್ದ, ಅಷ್ಟೇ. ಆಮೇಲೆ ಶಕ್ತಿ ಬೆಳೆಯುತ್ತಾ ಹೋಯಿತು. 1943ರಲ್ಲಿ ರೇಡಿಯೋ ನಾಟಕದಲ್ಲಿ ಅವನ ಶಕ್ತಿ ಕುಂದಿಸುವ ಕಲ್ಲು, ಕ್ರಿಪ್ಟೋನೈಟ್, ಕಾಣಿಸಿಕೊಂಡಿತು. ಅಂಥ ಕಲ್ಲು ಮೈಯನ್ನು ಸೋಲಿಸುತ್ತದೆ, ನಿಜ. ಆದರೆ 1978ರ 'ಸೂಪರ್‌ಮ್ಯಾನ್' ಸಿನಿಮಾದಲ್ಲಿ ಅವನನ್ನು ನಿಜವಾಗಿ ಕಟ್ಟಿಹಾಕಿದ್ದು ಏನು? ಎರಡು ಕ್ಷಿಪಣಿ ಎರಡು ದಿಕ್ಕಿಗೆ ಹೊರಟಿವೆ. ಕಲ್ಲಿನಿಂದ ಬಿಡಿಸುವ ಹೆಂಗಸು ಅವನಿಂದ ಒಂದು ಮಾತು ತಗೊಳ್ಳುತ್ತಾಳೆ. ಮೊದಲು ನನ್ನ ತಾಯಿ ಇರುವ ಕಡೆಗೆ ಹೋಗುತ್ತಿರುವುದನ್ನು ನಿಲ್ಲಿಸು ಅಂತ. ಅವನು ಕೊಟ್ಟ ಮಾತಿಗೆ ತಪ್ಪುವುದಿಲ್ಲ. ಅದಕ್ಕೇ ತಾನು ಪ್ರೀತಿಸುವ ಲೋಯಿಸ್ ಹತ್ತಿರ ಬರುವಷ್ಟರಲ್ಲಿ ತಡವಾಗಿರುತ್ತದೆ. ಕಲ್ಲು ತೆಗೆದು ಎಸೆದಾಗಿದೆ, ಮೈಯಲ್ಲಿ ಪೂರ್ತಿ ಬಲ ಇದೆ, ಆದರೂ ಅವನು ಕಟ್ಟಿಬಿದ್ದಿದ್ದಾನೆ. ಇಂಥದ್ದನ್ನು ಹುಡುಕು.

ಅಂದಹಾಗೆ, ಫೈಟ್ ಬರೆಯುವುದು ರೈಟರ್ ಕೆಲಸ ಅಲ್ಲ ಅಂದರಲ್ಲ, ಅದಕ್ಕೆ ಉತ್ತರ ನನ್ನದಲ್ಲ. ನಾನು ಜೊತೆಗೆ ಕೆಲಸ ಮಾಡಿದ ಒಬ್ಬ ಫೈಟ್ ಮಾಸ್ಟರ್ ಕೊಟ್ಟದ್ದು. ಅವರು ರಿಹರ್ಸಲ್‌ನಲ್ಲಿ ಹೊಡೆಯುವವನನ್ನು ನೋಡುತ್ತಲೇ ಇರಲಿಲ್ಲ. ಹೊಡೆಸಿಕೊಳ್ಳುವವನ ಮೇಲೇ ಕಣ್ಣು. ಮುಷ್ಟಿ ಗಲ್ಲಕ್ಕೆ ತಾಗದೆ ಪಕ್ಕದಲ್ಲಿ ಹಾದುಹೋಗುತ್ತದೆ, ಕ್ಯಾಮೆರಾ ಇಟ್ಟ ಜಾಗದಿಂದ ಆ ಸಂದು ಕಾಣುವುದಿಲ್ಲ. ಏಟು ಬಿತ್ತು ಅಂತ ನಂಬಿಸುವವನು ಕತ್ತು ತಿರುಗಿಸುವವನು. ಒಂದು ದಿನ ನನ್ನ ಹಾಳೆ ಓದಿ ಅವರು ಕೇಳಿದರು: "ಸಾರ್, ಇವನು ಯಾಕೆ ಇಲ್ಲಿಂದ ಓಡಿಹೋಗ್ತಿಲ್ಲ? ಅದನ್ನ ನೀವು ಬರೆದುಕೊಡಿ. ಮಿಕ್ಕಿದ್ದು ನಾನು ಮಾಡ್ತೀನಿ." ಅಲ್ಲಿಯವರೆಗೆ ನಾನು ಎಷ್ಟೋ ಸ್ಕ್ರಿಪ್ಟ್‌ಗಳಲ್ಲಿ 'ಇಲ್ಲಿ ಹೊಡೆದಾಟ' ಅಂತ ಎರಡು ಪದ ಬರೆದು ಕೈತೊಳೆದುಕೊಂಡಿದ್ದೆ.

2014ರ 'ಕ್ಯಾಪ್ಟನ್ ಅಮೆರಿಕ: ದ ವಿಂಟರ್ ಸೋಲ್ಜರ್' ಸಿನಿಮಾದ ಲಿಫ್ಟ್ ದೃಶ್ಯದಲ್ಲಿ ಅವನು ಓಡಿಹೋಗಲು ಜಾಗವೇ ಇಲ್ಲ. ಮಹಡಿ ಮಹಡಿಯಲ್ಲೂ ಜನ ಹತ್ತುತ್ತಾರೆ. ಒಬ್ಬನ ಮುಖದಲ್ಲಿ ಬೆವರು. ಇನ್ನೊಬ್ಬನ ಕೈ ಆಯುಧದ ಹತ್ತಿರ. ಮೊದಲ ಏಟು ಬೀಳುವ ಮೊದಲೇ ಫೈಟ್ ಅರ್ಧ ಮುಗಿದಿರುತ್ತದೆ. ಶುರು ಮಾಡುವ ಮುಂಚೆ ಯಾರಾದರೂ ಇಳಿಯುತ್ತೀರಾ ಅಂತ ಅವನು ಕೇಳುತ್ತಾನೆ. ಆಮೇಲೆ ಅವನ ಮಣಿಕಟ್ಟಿಗೆ ಅಯಸ್ಕಾಂತದ ಬೇಡಿ ತೊಡಿಸಿ ಗೋಡೆಗೆ ಅಂಟಿಸುತ್ತಾರೆ. ಲೋಹದ ಗೋಡೆಯಿಂದ ಆ ಕೈ ಬಿಡಿಸಿಕೊಳ್ಳಲು ಅವನು ಪಡುವ ಪಾಡು ನೋಡು. ನನ್ನ ಮಟ್ಟಿಗೆ ಆ ದೃಶ್ಯದ ಜೀವ ಅಲ್ಲಿದೆ.

'ಮ್ಯಾನ್ ಆಫ್ ಸ್ಟೀಲ್' ನಿನಗೆ ತುಂಬಾ ಇಷ್ಟ ಅಂತ ಬರೆದಿದ್ದೀಯ. 2013ರಲ್ಲಿ ಅದನ್ನು ನೋಡುವಾಗ ನಾನು ಕೊನೆಯ ಭಾಗದಲ್ಲಿ ಸೋತುಹೋದೆ. ಊರಿಗೆ ಊರೇ ಉರುಳುತ್ತದೆ, ಒಳಗೆ ಯಾರಿದ್ದರು ಅಂತ ಕೇಳುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಆದರೆ ಅದೇ ಸಿನಿಮಾ ಕೊನೆಗೆ ಒಂದು ನಿಲ್ದಾಣದೊಳಗೆ ಬಂದು ನಿಲ್ಲುತ್ತದೆ. ಸೂಪರ್‌ಮ್ಯಾನ್ ಎರಡೂ ತೋಳಲ್ಲಿ ಖಳ ಜಾಡ್‌ನ ಕತ್ತು ಹಿಡಿದಿದ್ದಾನೆ. ಜಾಡ್‌ನ ಕಣ್ಣಿನ ಬೆಂಕಿ ಮೂಲೆಗೆ ಸಿಕ್ಕಿಬಿದ್ದ ಒಂದು ಕುಟುಂಬದ ಕಡೆ ಸರಿಯುತ್ತಿದೆ. ಕತ್ತು ಬಿಟ್ಟರೆ ಅವರು ಸುಟ್ಟುಹೋಗುತ್ತಾರೆ. ಬಿಡದೇ ಇದ್ದರೆ ಕತ್ತು ಮುರಿಯಬೇಕು. ಆಗ ನಾನು ಕುರ್ಚಿಯ ತುದಿಗೆ ಬಂದೆ. ಅಷ್ಟೆಲ್ಲ ಕಟ್ಟಡ ಮಾಡದೇ ಇದ್ದದ್ದನ್ನು ಒಂದು ಕುಟುಂಬ ಮಾಡಿತು.

ನೀನು ಕೇಳಬಹುದು, 'ದ ಡಾರ್ಕ್ ನೈಟ್' ಸಿನಿಮಾದ ವಿಚಾರಣೆ ಕೋಣೆಯಲ್ಲಿ ಬ್ಯಾಟ್‌ಮ್ಯಾನ್‌ನ ಎರಡೂ ಕೈ ಖಾಲಿ ಇವೆಯಲ್ಲ ಅಂತ. ಹೌದು, ಖಾಲಿ ಇವೆ. ಬಾಗಿಲಿಗೆ ಕುರ್ಚಿ ಒಡ್ಡಿ, ಮನಸ್ಸಿಗೆ ಬಂದ ಹಾಗೆ ಹೊಡೆಯುತ್ತಾನೆ. ಜೋಕರ್ ನಗುತ್ತಾನೆ. ಎರಡು ಕಡೆ ಇಬ್ಬರನ್ನು ಕಟ್ಟಿಹಾಕಿದ್ದಾರೆ, ಹೊತ್ತು ಮೀರುತ್ತಿದೆ, ಇವನ ಒಂದೊಂದು ಏಟೂ ಆ ಹೊತ್ತನ್ನೇ ತಿನ್ನುತ್ತಿದೆ. ಅಷ್ಟು ಬಲ ಇದ್ದೂ ಏನೂ ಮಾಡಲಾಗದವನನ್ನು ನೋಡುವುದು ಎಷ್ಟು ಸಂಕಟ! ನಿಯಮ ಅಲ್ಲೂ ಮುರಿದಿಲ್ಲ ಅಂತ ನಾನು ವಾದ ಮಾಡುತ್ತೇನೆ. ನೀನು ಒಪ್ಪದೇ ಇದ್ದರೆ ಪತ್ರ ಬರಿ, ಜಗಳ ಆಡೋಣ.

ಈಗ ನನ್ನದೊಂದು ಹಳೇ ನೋವು ಹೇಳುತ್ತೇನೆ. ಬಹಳ ವರ್ಷದ ಹಿಂದೆ ನಾನೂ ಇಂಥದ್ದೊಂದು ಸಿನಿಮಾ ಬರೆದೆ. ಕ್ಲೈಮ್ಯಾಕ್ಸ್‌ನಲ್ಲಿ ನನ್ನ ನಾಯಕ ಉರಿಯುತ್ತಿರುವ ಗೋದಾಮಿನ ಕಬ್ಬಿಣದ ಶಟರನ್ನು ಹೆಗಲ ಮೇಲೆ ಹೊತ್ತು ನಿಂತಿರುತ್ತಾನೆ. ಕೆಳಗಿನ ಸಂದಿಯಿಂದ ಕೆಲಸಗಾರರು ಒಬ್ಬೊಬ್ಬರಾಗಿ ತೆವಳಿ ಬರುತ್ತಿದ್ದಾರೆ. ಆಗ ವಿಲನ್ ಬಂದು ಹೊಡೆಯಲು ಶುರು ಮಾಡುತ್ತಾನೆ. ನಾಯಕ ತಿರುಗಿ ಹೊಡೆಯುವ ಹಾಗಿಲ್ಲ. ಎಣಿಸುತ್ತಾ ಇರುತ್ತಾನೆ. ಹನ್ನೊಂದು ಜನ ಬಂದರು, ಇನ್ನು ಮೂವರು. ಈ ದೃಶ್ಯವನ್ನು ಅಕ್ಕನ ಮಗನಿಗೆ ಹೇಳಿದ್ದೆ. ಅವನು ಬೆರಳು ಮಡಚುತ್ತಾ ನನ್ನ ಜೊತೆಗೇ ಎಣಿಸಿದ.

ಎಲ್ಲರೂ ಮೆಚ್ಚಿದರು. ಆಮೇಲೆ ಒಂದು ಸಂಜೆ ನಿರ್ದೇಶಕರು ಕರೆದು, ಹೀರೋ ಸುಮ್ನೆ ನಿಂತು ಹೊಡೆಸಿಕೊಂಡರೆ ಜನ ಒಪ್ಪಲ್ಲ ಅಂದರು. ನಿಮ್ಮಂಥವರಿಗೆ ಇದೇನು ಮಹಾ, ಒಂದು ರಾತ್ರಿಯ ಕೆಲಸ ಅಂದರು. ಆ ಹೊಗಳಿಕೆಗೆ ನಾನು ಕರಗಿದೆ. ಕೆಲಸಗಾರರನ್ನು ಹಿಂದಿನ ದೃಶ್ಯದಲ್ಲೇ ಹೊರಗೆ ಕಳಿಸಿಬಿಟ್ಟೆ. ನಾಯಕನ ಎರಡೂ ಕೈ ಖಾಲಿಯಾದವು. ಏಳು ನಿಮಿಷ ಹೊಡೆದಾಡಿದರು. ಬಿಡುಗಡೆಯ ದಿನ ಥಿಯೇಟರಿನಲ್ಲಿ ನನ್ನ ಮುಂದಿನ ಸಾಲಲ್ಲಿ ಒಬ್ಬ ಪುಟ್ಟ ಹುಡುಗ ಅಪ್ಪನ ತೊಡೆ ಮೇಲೆ ಕೂತಿದ್ದ. ಆ ಏಳು ನಿಮಿಷವೂ ಅವನು ಅಪ್ಪನ ಅಂಗಿಯ ಗುಂಡಿ ಬಿಚ್ಚುತ್ತಾ ಹಾಕುತ್ತಾ ಇದ್ದ. ಪರದೆ ಕಡೆ ತಲೆ ಎತ್ತಲಿಲ್ಲ. ಮನೆಗೆ ಬಂದರೆ ಅಕ್ಕನ ಮಗ ಕೇಳಿದ, "ಮಾಮ, ಆ ಮೂವರು ಬಂದರಾ?"

ವರ್ಷಗಟ್ಟಲೆ ಆ ನಿರ್ದೇಶಕರನ್ನು ಬೈದುಕೊಂಡು ತಿರುಗಿದೆ. ಆದರೆ ಆ ಸಾಲುಗಳನ್ನು ಹೊಡೆದುಹಾಕಿದ ಪೆನ್ನು ನನ್ನದೇ. ಅದಕ್ಕೇ, ನಿನ್ನ ಫೈಟ್ ಓದಿ ಸ್ನೇಹಿತರೆಲ್ಲ ಮೈ ಜುಮ್ಮೆಂದಿತು ಅಂದರು ಅಂತ ನೀನು ಹೆಮ್ಮೆಯಿಂದ ಬರೆದದ್ದು ನೋಡಿ ನನಗೆ ಭಯ ಆಯಿತು. ಅವರಿಗೆ ಗಾಜಿನ ಚೂರು ನೆನಪಿದೆಯಾ ಕೇಳು. ನೆನಪಿಲ್ಲ ಅಂದರೆ ಅವರು ಓದಿಲ್ಲ.

ನಿನ್ನ ವಿಲನ್ ಬಗ್ಗೆ ಒಂದೇ ಮಾತು. ಅವನು ಅವಳ ಹಳೇ ಗೆಳೆಯ ಅಂತ 30ನೇ ಪುಟದಲ್ಲಿ ಹೇಳಿ ಮರೆತಿದ್ದೀಯ. 2016ರ 'ಕ್ಯಾಪ್ಟನ್ ಅಮೆರಿಕ: ಸಿವಿಲ್ ವಾರ್' ಸಿನಿಮಾದಲ್ಲಿ ವಿಮಾನ ನಿಲ್ದಾಣದ ಫೈಟ್ ಇದೆ, ಆರು ಜನಕ್ಕೆ ಆರು ಜನ. ಖುಷಿಯಾಗಿ ನೋಡಬಹುದು. ಆದರೆ ಕೊನೆಯಲ್ಲಿ ಮೂರೇ ಜನ ಉಳಿಯುತ್ತಾರೆ. ಸ್ಟೀವ್, ಅಂದರೆ ಕ್ಯಾಪ್ಟನ್ ಅಮೆರಿಕ, ಗುರಾಣಿ ಎತ್ತುತ್ತಾನೆ. ಕೆಳಗೆ ಬಿದ್ದ ಟೋನಿ, ಅಂದರೆ ಐರನ್ ಮ್ಯಾನ್, ಎರಡೂ ಕೈಯಿಂದ ಮುಖ ಮುಚ್ಚಿಕೊಳ್ಳುತ್ತಾನೆ. ಗೆಳೆಯ ತನ್ನನ್ನು ಕೊಂದೇಬಿಡುತ್ತಾನೆ ಅಂತ ಆ ಒಂದು ಗಳಿಗೆ ಅವನು ನಂಬುತ್ತಾನೆ. ಏಟು ಬೀಳುವುದು ಎದೆಯ ಯಂತ್ರಕ್ಕೆ. ನನಗೆ ಏಟಿಗಿಂತ ಆ ಎತ್ತಿದ ಕೈಗಳೇ ಇನ್ನೂ ಕಣ್ಣ ಮುಂದೆ ಇವೆ. ನಿನ್ನ ನಲವತ್ತೊಂದು ಏಟುಗಳಲ್ಲಿ ಒಂದಕ್ಕಾದರೂ ಆ ಗೆಳೆಯ ಹಾಗೆ ಕೈ ಎತ್ತಿದ್ದಾನಾ?

ಹದಿನಾಲ್ಕು ಪುಟ ಹರಿದುಹಾಕು ಅಂದರೆ ಅಳುತ್ತೀಯ, ಗೊತ್ತು. ಹರಿಯಬೇಡ. ಒಂದು ಡ್ರಾಯರಿನಲ್ಲಿ ಇಟ್ಟುಬಿಡು. 71ನೇ ಪುಟದ ಆ ಸಾಲಿನಿಂದ ಮತ್ತೆ ಶುರು ಮಾಡು. ಈ ಸಲ ತಮ್ಮನನ್ನು ಬಿಟ್ಟು ಹೊರಗೆ ಹಾರಬೇಡ. ಮನೆ ಬಿಟ್ಟು ಹೋಗಲೇಬೇಕಾದರೆ ಅವನನ್ನೂ ಎತ್ತಿಕೊಂಡು ಹೋಗಲಿ. ಲಾರಿ ಎತ್ತುವವಳಿಗೆ ಏಳು ವರ್ಷದ ಹುಡುಗ ಒಂದು ಭಾರವಲ್ಲ. ಆದರೆ ಲಾರಿಯನ್ನು ಹಿಡಿದ ಹಾಗೆ ಅವನನ್ನು ಹಿಡಿಯಲು ಬರುವುದಿಲ್ಲ. ಗಟ್ಟಿಯಾಗಿ ಅಪ್ಪಿದರೆ ಎಲುಬು ಮುರಿಯುತ್ತದೆ, ಸಡಿಲ ಬಿಟ್ಟರೆ ಜಾರುತ್ತಾನೆ. ಅವಳು ಮಿಕ್ಕಿದ ಒಂದು ಕೈಯಲ್ಲಿ ಏನು ಮಾಡುತ್ತಾಳೋ ನೋಡೋಣ.

ಎಷ್ಟು ಪುಟ ಆದರೂ ಸರಿ, ಬರೆದು ಕಳಿಸು. ಅದಕ್ಕೂ ಮೊದಲು, ಇವತ್ತೇ, ಒಂದು ಸಾಲು ಬರೆದು ತಿಳಿಸು. ಆ ಹುಡುಗನ ಕಾಲಲ್ಲಿ ಚಪ್ಪಲಿ ಇದೆಯಾ, ಇಲ್ವಾ?

ಪ್ರೀತಿಯಿಂದ,
ನಿನ್ನ ಹಿರಿಯ ಓದುಗ