ಕಂಪಾಲಾದಿಂದ ಗೆಳೆಯನಿಗೊಂದು ಪತ್ರ

ಮಾರಾಯ,

ಕಳೆದ ವಾರ ಫೋನಿನಲ್ಲಿ ನೀನೊಂದು ಮಾತು ಅಂದೆ. "ದುಡ್ಡು ಕೇಳುವವನು ಎಂಥಾ ಫ್ರೆಂಡು? ಅವನು ನಿನ್ನನ್ನು ಎಟಿಎಂ ಮಾಡಿಕೊಂಡಿದ್ದಾನೆ." ಆಗ ನಗಾಡಿ ಬಿಟ್ಟೆ. ಆಮೇಲೆ ಎರಡು ದಿನ ಅದೇ ತಲೆ ಕೊರೆಯಿತು. ಫೋನಿನಲ್ಲಿ ಇದನ್ನೆಲ್ಲ ಹೇಳೋಕೆ ಆಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಉದ್ದವಾದರೆ ಬೈಬೇಡ.

ಹುಡುಗನಿಗೆ 22 ವರ್ಷ. ನನಗಿಂತ 20 ವರ್ಷ ಚಿಕ್ಕವನು. ಇಲ್ಲಿ ಬೋಡಾ ಓಡಿಸುತ್ತಾನೆ. ಬೋಡಾ ಅಂದರೆ ಬಾಡಿಗೆ ಬೈಕು. ಹಿಂದೆ ಉಗಾಂಡಾ-ಕೀನ್ಯಾ ಗಡಿಯಲ್ಲಿ ಜನರನ್ನು ಸೈಕಲ್ಲಿನಲ್ಲಿ ಆಚೆಗೆ ಈಚೆಗೆ ದಾಟಿಸುವವರು 'ಬಾರ್ಡರ್, ಬಾರ್ಡರ್' ಅಂತ ಕೂಗುತ್ತಿದ್ದರಂತೆ, ಅದೇ ಬೋಡಾ ಬೋಡಾ ಆಯಿತು ಅನ್ನುತ್ತಾರೆ. ಈಗ ಊರು ತುಂಬಾ ಅವೇ. ಎಲ್ಲಿ ನೋಡಿದರೂ ನಮ್ಮ ಬಜಾಜ್ ಬಾಕ್ಸರ್. ಮೊದಲ ದಿನ ಹಿಂದೆ ಕೂತವನು "ಈ ಗಾಡಿ ನಮ್ಮ ದೇಶದ್ದು" ಅಂತ ಜಂಬ ಕೊಚ್ಚಿದೆ. "ಹಾಗಾದರೆ ಕಂತು ನೀವೇ ಕಟ್ಟಿ ಬಾಸ್" ಅಂದ. ತಮಾಷೆ ಅಂದುಕೊಂಡೆ.

ಗಾಡಿ ಅವನದಲ್ಲ, ಸಾಲ ಕೊಟ್ಟವರದ್ದು. ವಾರ ವಾರ ಕಟ್ಟಬೇಕು. ತಪ್ಪಿದರೆ ಸ್ಟೇಜಿಗೇ ಬಂದು ಎಳೆದುಕೊಂಡು ಹೋಗುತ್ತಾರೆ. ಸ್ಟೇಜು ಅಂದರೆ ಇವರ ಬೈಕ್ ಸ್ಟ್ಯಾಂಡು, ನಮ್ಮ ಗೇಟಿನ ಎದುರು ಮಾವಿನ ಮರದ ಕೆಳಗೆ. ಓದಿನಲ್ಲಿ ಅವನು ದಡ್ಡನೇನಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಅಂತ ಮುಚ್ಚಿದ ಇಲ್ಲಿನ ಶಾಲೆಗಳು ಪೂರ್ತಿ ತೆರೆದದ್ದು 2022ರ ಜನವರಿಯಲ್ಲಿ. ಹತ್ತಿರ ಹತ್ತಿರ ಎರಡು ವರ್ಷ. ಅಷ್ಟರಲ್ಲಿ ಇವನು ಬೈಕು ಕಲಿತಿದ್ದ, ಮನೆಗೆ ದುಡ್ಡು ಕಳಿಸುತ್ತಿದ್ದ. ಮತ್ತೆ ಯೂನಿಫಾರ್ಮ್ ಹಾಕಲು ನಾಚಿಕೆ ಆಯಿತಂತೆ.

ಸ್ನೇಹ ಬೆಳೆದದ್ದು ಊಟದಿಂದ. ಇಲ್ಲಿ ಬೀದಿಬದಿಯಲ್ಲಿ ಎಲ್ಲರೂ ತಿನ್ನುವುದು ರೋಲೆಕ್ಸ್. ವಾಚ್ ಅಲ್ಲ, ಚಪಾತಿಯಲ್ಲಿ ಸುತ್ತಿದ ಆಮ್ಲೆಟ್. ನಾನು ಮೊಟ್ಟೆ ಮುಟ್ಟಲ್ಲ. ಹಾಗಾಗಿ ಅವನು ಕಿಕೊಮಾಂಡೊ ತೋರಿಸಿಕೊಟ್ಟ. ಚಪಾತಿ ಹರಿದು ತುಂಡು ಮಾಡಿ ಮೇಲೆ ಬೇಯಿಸಿದ ಹುರುಳಿಕಾಯಿ ಬೀಜ ಸುರಿದು ಕೊಡುತ್ತಾರೆ. ಕೈಯಲ್ಲಿ ಕಾಸಿಲ್ಲದ ಹುಡುಗರ ಊಟ ಅದು. ಬಾಸ್ ಒಬ್ಬ ದಿನಾ ಬಂದು ಅದನ್ನೇ ತಿನ್ನುವುದು ಸ್ಟೇಜಿನವರಿಗೆಲ್ಲ ದೊಡ್ಡ ಜೋಕು.

ಈ 'ಬಾಸ್' ಬೇಡ ಅಂತ ಎಷ್ಟೋ ಸಲ ಹೇಳಿದೆ. ಲುಗಾಂಡಾ ಭಾಷೆಯಲ್ಲಿ ಗೆಳೆಯನಿಗೆ 'ಮುಕ್ವಾನೊ' ಅನ್ನುತ್ತಾರೆ. ಹಾಗೆ ಕರಿ ಮಾರಾಯ ಅಂದೆ. ಅವನು ತಲೆ ಕೆರೆದುಕೊಂಡು, "ಬಾಸ್ ಅಂದರೆ ನೀವು ನನ್ನ ಗಿರಾಕಿ ಅಂತ ಬೇರೆಯವರಿಗೆ ಗೊತ್ತಾಗುತ್ತದೆ. ಮುಕ್ವಾನೊ ಅಂದರೆ ಬಾಡಿಗೆ ಕೇಳೋದು ಹೇಗೆ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಲೆಕ್ಕ ಬರೆಯುವ ಕೆಲಸದವನ ಬುದ್ಧಿ ಬಿಡುತ್ತದಾ? ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಟಯರಿಗೆ ಇಷ್ಟು, ಲೈಸೆನ್ಸಿಗೆ ಇಷ್ಟು, ತಂಗಿಯ ಫೀಸಿಗೆ ಇಷ್ಟು. ಪ್ರತಿ ಸಲವೂ ಹಳದಿ ಛತ್ರಿಯ ಕೆಳಗೆ ಕೂತ ಮೊಬೈಲ್ ಮನಿ ಏಜೆಂಟಿನ ಹತ್ತಿರ ಹೋಗಿ ಕಳಿಸುತ್ತೇನೆ, ಬಂದು ಬರೆಯುತ್ತೇನೆ. ವಾಪಸ್ ಬರಲ್ಲ ಅಂತ ಗೊತ್ತು. ಆದರೂ ಬರೆಯುತ್ತೇನೆ. ಒಮ್ಮೆ ಎರಡು ವಾರದ ಕಂತಿಗೆ ಕೇಳಿದಾಗ "ತಿಂಗಳ ಕೊನೆ, ನನ್ನ ಹತ್ರಾನೂ ಇಲ್ಲ" ಅಂದೆ. ಸುಳ್ಳು. ಅವತ್ತು ಸಂಜೆ ಆಫೀಸಿನವರ ಜೊತೆ ದೋಸೆ ತಿನ್ನಲು ಹೋಗಿದ್ದೆ. ಇಲ್ಲಿ ಮಸಾಲೆ ದೋಸೆ ಸಿಗುತ್ತದೆ, ಆದರೆ ಅದರ ಬಿಲ್ಲಿನಲ್ಲಿ ವಾರಗಟ್ಟಲೆ ಕಿಕೊಮಾಂಡೊ ತಿನ್ನಬಹುದು.

ಅದರ ಮುಂದಿನ ತಿಂಗಳು ಬಂದು, ತಾಯಿಗೆ ಆಪರೇಷನ್ ಅಂದ. 3 ಲಕ್ಷ ಶಿಲ್ಲಿಂಗ್. ಗಾಬರಿಯಾಗಬೇಡ, ನಮ್ಮ 7 ಸಾವಿರ ರೂಪಾಯಿಯ ಆಸುಪಾಸು. ತಕ್ಷಣ ಕಳಿಸಿದೆ.

ಅದಾಗಿ ಎರಡು ತಿಂಗಳಿಗೆ ಊರಿಗೆ ಕರೆದ. ಮಸಾಕಾ ಕಡೆ, ಇಲ್ಲಿಂದ ನೂರ ಮೂವತ್ತು ಕಿಲೋಮೀಟರ್ ಚಿಲ್ಲರೆ. ವ್ಯಾನಿನಲ್ಲಿ ಒತ್ತಿಕೊಂಡು ಹೋದೆವು. ಇಡೀ ದಾರಿ ಬಾಳೆತೋಟ, ಕೆಂಪು ಮಣ್ಣು. ನಮ್ಮ ಕಡೆಯದೇ ಅನ್ನಬೇಕು, ಅಡಿಕೆ ಮರ ಒಂದು ಇಲ್ಲ ಅಷ್ಟೇ. ಮನೆ ಮುಂದೆ ಅವನ ತಾಯಿ ಮಂಡಿಯೂರಿ ಕೂತು ಸ್ವಾಗತ ಮಾಡಿದರು. ಇಲ್ಲಿನ ಬಗಾಂಡಾ ಜನಾಂಗದ ಹೆಂಗಸರ ಪದ್ಧತಿ ಅದು. ನನಗೆ ಎಲ್ಲಿ ನೋಡಬೇಕು ಅಂತ ಗೊತ್ತಾಗದೆ ನಾನೂ ಅರ್ಧ ಬಗ್ಗಿದೆ. ಆಮೇಲೆ ಆಕೆ ಎದ್ದು ಹಿತ್ತಿಲಿಗೆ ಹೋಗಿ ಒಂದು ದೊಡ್ಡ ಬಾಳೆಗೊನೆ ಹೊತ್ತು ತಂದರು. ಗಟ್ಟಿಮುಟ್ಟು ಹೆಂಗಸು. ಆಪರೇಷನ್ ಆದವರ ಹಾಗೆ ಏನೂ ಕಾಣಲಿಲ್ಲ. ನಾನು ಹುಡುಗನ ಮುಖ ನೋಡಿದೆ. ಅವನು ಬಾಳೆ ಎಲೆ ನೋಡುತ್ತಿದ್ದ.

ಪಕ್ಕದ ಮನೆಯ ಅಜ್ಜ ಬಂದು "ಅಂತೂ ವಾಪಸ್ ಬಂದಿರಾ?" ಅಂತ ಕೇಳಿದ. 1972ರಲ್ಲಿ ಇಲ್ಲಿನ ಸರ್ವಾಧಿಕಾರಿ ಇದಿ ಅಮೀನ್ 90 ದಿನದ ಗಡುವು ಕೊಟ್ಟು ಏಷ್ಯಾದವರನ್ನು ಹೊರಗೆ ಹಾಕಿದನಲ್ಲ, ಆಗ ಹೋದ ಯಾವುದೋ ಅಂಗಡಿಯವನೇ ನಾನು ಅಂದುಕೊಂಡಿದ್ದ. ನಾನಾಗ ಹುಟ್ಟೇ ಇರಲಿಲ್ಲ. "ಹ್ಞೂ, ಬಂದೆ" ಅಂದೆ.

ಊಟಕ್ಕೆ ಮಟೋಕೆ. ಬಾಳೆಕಾಯಿಯನ್ನು ಎಲೆಯಲ್ಲಿ ಕಟ್ಟಿ ಹಬೆಯಲ್ಲಿ ಬೇಯಿಸಿ ಮಸೆದದ್ದು, ಮೇಲೆ ಶೇಂಗಾ ಸಾರು. ಎರಡು ಸಲ ಹಾಕಿಸಿಕೊಂಡೆ. ಅತಿಥಿಗೆ ಕೋಳಿ ಅಡುಗೆ ಮಾಡಲಾಗಲಿಲ್ಲ ಅಂತ ಆಕೆಗೆ ಬೇಜಾರು. ಹೊರಡುವಾಗ ಒಂದು ಹುಂಜ ಹಿಡಿದು, ಕಾಲಿಗೆ ಬಾಳೆನಾರು ಕಟ್ಟಿ, ನನ್ನ ಕೈಗೆ ಕೊಟ್ಟೇ ಬಿಟ್ಟರು. ಬೇಡ ಅಂದರೆ ಅವಮಾನ, ಕೊಂಡು ಹೋದರೆ ಏನು ಮಾಡಲಿ?

ವಾಪಸ್ ಬರುವಾಗ ಕಯಾಬ್ವೆ ಅಂತ ಒಂದು ಜಾಗ. ಭೂಮಧ್ಯರೇಖೆ ರಸ್ತೆ ದಾಟುವ ಕಡೆ. ಎಲ್ಲರೂ ಇಳಿದು ಫೋಟೋ ತೆಗೆಸಿಕೊಳ್ಳುತ್ತಾರೆ. ನಾನು ತೊಡೆಯ ಮೇಲೆ ಹುಂಜ ಇಟ್ಟುಕೊಂಡು ಕೂತಿದ್ದೆ. ಅಲ್ಲಿ ಅವನಾಗೇ ಬಾಯಿ ಬಿಟ್ಟ. ದುಡ್ಡು ಕಂತಿಗೆ ಹೋಯಿತು. ಗಾಡಿ ಎಳೆದುಕೊಂಡು ಹೋಗಿದ್ದರು, ಬಿಡಿಸಿಕೊಂಡೆ ಅಂದ. "ಮೊದಲೇ ಹೇಳಬಾರದಿತ್ತಾ?" ಅಂದೆ. "ಹೇಳಿದ್ದೆ ಬಾಸ್. ತಿಂಗಳ ಕೊನೆ ಅಂದಿರಿ."

ಈಗ ನೀನು ಹೇಳು. ನಿಮ್ಮ ತೋಟದ ಅಡಿಕೆ ಕೊಯ್ಯುವ ಕೊನೆಗೌಡ ಮಳೆಗಾಲದಲ್ಲಿ ಜಗಲಿ ತುದಿಗೆ ಬಂದು ನಿಂತು ಮುಂಗಡ ಕೇಳುವಾಗ ನಿಜವಾದ ಕಾರಣ ಹೇಳುತ್ತಾನಾ? ಯಾವ ಕಾರಣಕ್ಕೆ ನಿಮ್ಮಪ್ಪ ಪೆಟ್ಟಿಗೆ ತೆಗೆಯುತ್ತಾರೆ ಅಂತ ಅವನಿಗೆ ಗೊತ್ತು. ಇನ್ನು ನಾನು? ಶಿವಮೊಗ್ಗದ ಹಾಸ್ಟೆಲಿನಲ್ಲಿ ಪರೀಕ್ಷೆ ಫೀಸಿಗೆ ಅಂತ ನಿನ್ನಿಂದ ಇಸಿದುಕೊಂಡ 1,200 ರೂಪಾಯಿ ಪೂರ್ತಿ ಫೀಸಿಗೇ ಹೋಗಿರಲಿಲ್ಲ. ಕೇಳಬೇಡ ಎಲ್ಲಿಗೆ ಹೋಯಿತು ಅಂತ.

ಹುಂಜ ನಮ್ಮ ವಾಚ್‌ಮ್ಯಾನ್ ಹತ್ತಿರ ಇದೆ. ಬೆಳಗಿನ ಜಾವ ನಾಲ್ಕಕ್ಕೇ ಕೂಗಿ ಇಡೀ ಕಾಂಪೌಂಡ್ ಎಬ್ಬಿಸುತ್ತದೆ. ಮೇಲಿನ ಮನೆಯವರು ಎರಡು ಸಲ ಜಗಳಕ್ಕೆ ಬಂದರು. ನೋಟ್‌ಬುಕ್ಕಿನಲ್ಲಿ ಅದನ್ನು ಬರೆದುಕೊಂಡಿಲ್ಲ.

ಇದನ್ನು ಬರೆಯುವಾಗಲೇ ಅವನ ಮೆಸೇಜು ಬಂತು. "ಬಾಸ್, ಹುಂಜ ಹೇಗಿದೆ?" ಚೆನ್ನಾಗಿದೆ ಅಂದೆ. ಸುಮ್ನೆ ಕೇಳಿದ್ದಾನೆ ಅಂತ ಖುಷಿಪಟ್ಟು ಟೀ ಮಾಡಲು ಎದ್ದೆ. ಹಾಲು ಉಕ್ಕುವಷ್ಟರಲ್ಲಿ ಎರಡನೇ ಮೆಸೇಜೂ ಬಂತು. ಬ್ರೇಕಿಗೆ ಅಂತೆ. ಐವತ್ತು ಸಾವಿರ ಶಿಲ್ಲಿಂಗ್ ಕೇಳಿದ್ದ, ಮೂವತ್ತು ಕಳಿಸಿದೆ.

ಇಂತಿ ನಿನ್ನ,
ಸಾಲಗಾರ